ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ 1971ರ ಪದಕ ಬಿಟ್ಟುಹೋಗಿದೆ, ಸೇರಿಸೋದು ಹೇಗೆ?

ಮುಳಬಾಗಿಲಿನ ನಿಮ್ಮಪ್ಪ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದರು, ಪುಸ್ತಕದಲ್ಲಿ ಪೂರ್ವಿ ಸ್ಟಾರ್ ಪದಕ ಇಲ್ಲ ಅಂದಿರಿ. ಇದನ್ನು ತಿದ್ದೋದು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸ್ ಕೆಲಸ. ಎಂಇಜಿಯದು ಬೆಂಗಳೂರಲ್ಲೇ ಇದೆ, ಪುಣ್ಯ! ಮದ್ರಾಸ್ ರೆಜಿಮೆಂಟ್ ಆಗಿದ್ದರೆ ನೀಲಗಿರಿಯ ವೆಲ್ಲಿಂಗ್ಟನ್‌ಗೆ ಬರೀಬೇಕಿತ್ತು.

ಮೊದಲು ಅಪ್ಪನಿಗೆ ಬಂದಿದ್ದು 1971ರ ಯಾವ ಪದಕ ಅಂತ ನೋಡಿಕೊಳ್ಳಿ. ಸಂಗ್ರಾಮ್ ಮೆಡಲ್ ಆ ಯುದ್ಧದ ಸಂಬಂಧದ ಸೇವೆಗೆ ಕೊಟ್ಟಿದ್ದು. ಪೂರ್ವಿ ಸ್ಟಾರ್ ಪೂರ್ವದ ರಣರಂಗದಲ್ಲಿದ್ದವರಿಗೆ, ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್. ಎಷ್ಟೋ ಮನೆಗಳಲ್ಲಿ ಇವು ಕಲಸಿಹೋಗಿರುತ್ತವೆ. ಪದಕ ಟ್ರಂಕಿನಲ್ಲಿದ್ದರೆ ಅಂಚು ನೋಡಿ, ನಂಬರು, ಹೆಸರು ಕೆತ್ತಿರಬಹುದು. ಅದರ ಫೋಟೋ ಜೊತೆಗಿಡಿ.

ಅರ್ಜಿಯಲ್ಲಿ ಸೈನಿಕ ನಂಬರು, ರ‍್ಯಾಂಕು, ಆಗಿನ ಯುನಿಟ್ ಬರೆದು ಅಪ್ಪನ ಸಹಿ ಹಾಕಿಸಿ. ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲೂ ಸಹಾಯ ಕೇಳಬಹುದು. ಸದ್ಯಕ್ಕೆ ಪುಸ್ತಕದ ಜೆರಾಕ್ಸ್ ಮಾತ್ರ ಕಳಿಸಿ. ಸುಮ್ನೆ ಪುಸ್ತಕದಲ್ಲಿ ಪೆನ್ನಲ್ಲಿ ನೀವೇ ಬರೆದುಬಿಡಬೇಡಿ ಮತ್ತೆ!