ತಿರುಗಿಸಿ ಗುಣಿಸು, ಸರಿ. ಯಾಕೆ?

ಬಿ.ಎಡ್. ಕೋರ್ಸು 2015ರಿಂದ ಎರಡು ವರ್ಷದ್ದು. ಅದರಲ್ಲಿ 20 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್. ಆಪ್ತಸಲಹೆಗೆ ನನ್ನ ಹತ್ತಿರ ಹುಡುಗ ಹುಡುಗಿಯರು ಬರುವುದು ಆ ಸಮಯದಲ್ಲೇ. ಗಣಿತ, ವಿಜ್ಞಾನದವರು ಜಾಸ್ತಿ. "ಕ್ಲಾಸಿಗೆ ಹೋಗೋಕೆ ಭಯ" ಅನ್ನುತ್ತಾರೆ. ಅವರಲ್ಲಿ ಒಬ್ಬಳ ವಿಷಯ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹೊಸನಗರದ ಕಡೆಯವಳು. ಬಿ.ಎಸ್ಸಿ.ಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಒಳ್ಳೆಯ ಅಂಕ. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯೂ ಪಾಸ್. ಶಿವಮೊಗ್ಗದ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಹಾಕಿದ್ದರು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ. "ನನ್ನ ಇಂಗ್ಲಿಷ್ ಸರಿ ಇಲ್ಲ ಮೇಡಂ, ಅದಕ್ಕೇ ನಗ್ತಾರೆ" ಎಂದಳು. ಮನೆಯವರು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲು ಹೊರಟಿದ್ದರು.

ಮಕ್ಕಳು ನಕ್ಕಿದ್ದು ಯಾವಾಗ ಎಂದು ಎರಡನೇ ಭೇಟಿಯಲ್ಲಿ ಕೆದಕಿದೆ. ಎಂಟನೇ ಕ್ಲಾಸು, ಭಾಗಲಬ್ಧ ಸಂಖ್ಯೆಗಳ ಪಾಠ. ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಿರುಗಿಸಿ ಗುಣಿಸಬೇಕು ಎಂದು ಹೇಳಿದ್ದಾಳೆ. ಒಬ್ಬ ಹುಡುಗ ಎದ್ದು, "ಅದು ಟ್ಯೂಷನ್‌ನಲ್ಲಿ ಆಗಿದೆ ಮಿಸ್. ಯಾಕೆ ತಿರುಗಿಸ್ಬೇಕು?" ಎಂದ. ಇವಳು, "ರೂಲ್ ಇರೋದೇ ಹಾಗೆ." ಆಗ ಕ್ಲಾಸೆಲ್ಲ ನಗು.

"ನನಗೆ ಹೇಳಿ, ಯಾಕೆ?" ಎಂದೆ. ಗೊತ್ತಿರಲಿಲ್ಲ.

ಕಾಗದ ಕೊಟ್ಟೆ. 3 ಕೆಜಿ ಅಕ್ಕಿಗೆ ಅರ್ಧ ಕೆಜಿಯ ಪೊಟ್ಟಣ ಎಷ್ಟು? ಆರು. ಪೊಟ್ಟಣ 2/3 ಕೆಜಿಯದಾದರೆ? ಅಲ್ಲಿ ತಡವರಿಸಿದಳು. ಗೆರೆ ಎಳೆದಳು, ಹೊಡೆದು ಹಾಕಿದಳು. ಕೊನೆಗೆ, "ಒಂದು ಕೆಜಿಗೆ ಮೂರು ಪಾಲು. ಮೂರು ಕೆಜಿಗೆ ಒಂಬತ್ತು. ಪೊಟ್ಟಣಕ್ಕೆ ಎರಡೆರಡು ಪಾಲು, ನಾಲ್ಕೂವರೆ ಪೊಟ್ಟಣ. ಮೂರರಿಂದ ಗುಣಿಸಿ ಎರಡರಿಂದ ಭಾಗಿಸ್ದೆ... ತಿರುಗಿಸೋದು ಅಂದ್ರೆ ಇದೇನಾ?" ಎಂದಳು. ನಕ್ಕಳು. ಮರುಕ್ಷಣವೇ ಮುಖ ಸಣ್ಣದಾಯಿತು. "ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸ್ತಿದ್ದೆ ಮೇಡಂ. ಇದು ಗೊತ್ತಿರ್ಲಿಲ್ಲ."

ಎಲ್ಲಿಂದ ಗೊತ್ತಾಗಬೇಕು? ಟಿಇಟಿ ಎರಡನೇ ಪತ್ರಿಕೆಯಲ್ಲಿ 150ಕ್ಕೆ 60 ಅಂಕ ಗಣಿತ-ವಿಜ್ಞಾನದ್ದು. ನಾಲ್ಕರಲ್ಲಿ ಒಂದು ಉತ್ತರ ಆರಿಸಿದರೆ ಮುಗಿಯಿತು. ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಂಗ್ಲಿಷ್ ಕ್ಲಾಸು ಸದ್ಯಕ್ಕೆ ಬೇಡ ಎಂದೆ. ಆರು, ಏಳನೇ ಕ್ಲಾಸಿನ ಗಣಿತ ಪುಸ್ತಕ ಮೊದಲು ಓದಿ. ಮಕ್ಕಳು ಎಲ್ಲಿ ತಪ್ಪಬಹುದು, ಎಲ್ಲಿ ಯಾಕೆ ಅನ್ನಬಹುದು ಎಂದು ಪಾಠಯೋಜನೆಯ ಪಕ್ಕದಲ್ಲೇ ಬರೆದುಕೊಳ್ಳಿ. ಗೊತ್ತಿಲ್ಲದ್ದಕ್ಕೆ "ನಾಳೆ ಹೇಳ್ತೀನಿ" ಅನ್ನಿ. ಆದರೆ ನಾಳೆ ಹೇಳಲೇಬೇಕು.

ಇದೇನು ಆಪ್ತಸಲಹೆಯೋ ಟ್ಯೂಷನ್ನೋ ಎಂದು ಜೊತೆಯವರೊಬ್ಬರು ಕೇಳಿದರು. ನಿದ್ದೆಗೆಂದು ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೆ, ಅದು ಬೇರೆ ಮಾತು. ಅವಳ ಭಯಕ್ಕೆ ಕಾರಣ ಇತ್ತು. ಸುಮ್ನೆ ಧೈರ್ಯ ತುಂಬಿ ಕಳಿಸಿದ್ದರೆ ಮುಂದಿನ ಪ್ರಶ್ನೆಗೆ ಮತ್ತೆ ಅದೇ ಪಾಡು. ಪೇಟೆ ಮಕ್ಕಳಲ್ಲಿ ಎಷ್ಟೋ ಜನ ಸೂತ್ರವನ್ನು ಟ್ಯೂಷನ್‌ನಲ್ಲೇ ಕಲಿತು ಬಂದಿರುತ್ತಾರೆ. ಅದನ್ನೇ ಇನ್ನೊಮ್ಮೆ ಹೇಳುವ ಟೀಚರ್ ಅವರಿಗೆ ಯಾಕೆ ಬೇಕು, ಅಲ್ವಾ?

ಭಯ ಅವಳಿಗೆ ಪೂರ್ತಿ ಹೋಗಿಲ್ಲ. ಮುಂದಿನ ತಿಂಗಳು ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಪಾಠ ಮಾಡಬೇಕಂತೆ, ಈಗಲೇ ಪುಸ್ತಕ ಬಿಚ್ಚಿ ಕೂತಿದ್ದಾಳೆ.