ಕಾಯಂ ನೌಕರಿ ಸಿಕ್ಕ ಮೇಲೆ ಬಂದ ಸಿಟ್ಟು

ಪುರುಷ, 34 ವರ್ಷ, ವಿವಾಹಿತ, ಒಂದು ಮಗು. ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಪ್ರಕಾಶ್ ಎನ್ನೋಣ.

ಅವರನ್ನು ಒತ್ತಾಯ ಮಾಡಿ ಆಪ್ತಸಲಹೆಗೆಂದು ನನ್ನಲ್ಲಿಗೆ ಕಳುಹಿಸಿದವರು ಹೆಂಡತಿ. ನಿದ್ದೆ ಇಲ್ಲ, ಮಗುವಿನ ಮೇಲೂ ರೇಗುತ್ತಾರೆ ಎಂಬುದು ಅವರ ದೂರು. ಇದು ಆರಂಭವಾದದ್ದು ಮನೆಯವರೆಲ್ಲ ಸಂಭ್ರಮಪಡಬೇಕಾದ ವಾರದಲ್ಲಿ. ನಾಲ್ಕು ವರ್ಷ ಏಜೆನ್ಸಿಯೊಂದರ ಮೂಲಕ ಗುತ್ತಿಗೆಯಲ್ಲಿ ದುಡಿದ ಕಂಪನಿಯೇ ಪ್ರಕಾಶ್ ಅವರಿಗೆ ಕಾಯಂ ನೌಕರಿಯ ಆಫರ್ ಲೆಟರ್ ಕೊಟ್ಟಿತ್ತು. ನಿವೃತ್ತ ಬ್ಯಾಂಕ್ ನೌಕರರಾದ ಅಪ್ಪ ಅದೇ ಸಂಜೆ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಈ ಕರಾವಳಿಯಲ್ಲಿ ‘ಪರ್ಮನೆಂಟ್’ ಎಂದರೆ ಏನು ಬೆಲೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಆ ಐದರಲ್ಲಿ ಮೂರು ಹೆಸರುಗಳು 2019-20ರ ವಿಲೀನದಲ್ಲಿ ಅಳಿಸಿಹೋದರೂ ಆ ಬೆಲೆ ಇಳಿದಿಲ್ಲ.

ಪ್ರಕಾಶ್ ಮೊದಲು ತೆಗೆದದ್ದು ಹಣದ ಮಾತು. "ಸರ್, ಲೆಕ್ಕ ಹಾಕಿದರೆ ನನಗೆ ನಷ್ಟವೇ. ಬೇಡ ಎಂದು ಬರೆದು ಕಳುಹಿಸುವವನಿದ್ದೇನೆ."

ನಾನು ಒಂದೇ ಪ್ರಶ್ನೆ ಕೇಳಿದೆ: ಇದೇ ಸಂಬಳದ ಇದೇ ಕೆಲಸ ಬೇರೆ ಕಂಪನಿಯಿಂದ ಬಂದಿದ್ದರೆ?

"ಆ ದಿನವೇ ಸಹಿ ಹಾಕುತ್ತಿದ್ದೆ," ಎಂದರು. ಹೇಳಿದ ಮೇಲೆ ತಾವೇ ಸುಮ್ಮನಾದರು.

ಆಮೇಲೆ ಬಂದದ್ದು ನಿಜವಾದ ವಿಷಯ. ಗುತ್ತಿಗೆಯವರು ಕೊರಳಿಗೆ ಹಾಕುವ ಐಡಿ ಕಾರ್ಡಿನ ಪಟ್ಟಿಗೆ ಬೇರೆ ಬಣ್ಣ. ದೀಪಾವಳಿಯ ಉಡುಗೊರೆ ಅಕ್ಕಪಕ್ಕದ ಮೇಜುಗಳಿಗೆ ಬರುತ್ತಿತ್ತು, ಇವರ ಮೇಜಿಗಿಲ್ಲ. ತಂಡದವರೆಲ್ಲ ಪ್ರವಾಸ ಹೋದ ದಿನ ಸರ್ವರ್ ನೋಡಿಕೊಳ್ಳಲು ಉಳಿದವರು ಇವರು. ಮಗುವಿಗೆ ಜ್ವರ ಬಂದು ರಜೆ ಹಾಕಿದರೆ ಆ ದಿನಗಳ ಹಣ ಏಜೆನ್ಸಿಗೆ ಕೊಡುವ ತಿಂಗಳ ಬಿಲ್ಲಿನಲ್ಲಿ ಕಡಿತ. ಇಷ್ಟೆಲ್ಲ ಆದ ಮೇಲೆ ಮ್ಯಾನೇಜರ್ ಕೈಕುಲುಕಿ "ನಮ್ಮ ಕುಟುಂಬಕ್ಕೆ ಸ್ವಾಗತ" ಎಂದಿದ್ದರು. ನಾಲ್ಕು ವರ್ಷ ನುಂಗಿಕೊಂಡದ್ದು ಆ ಮಾತಿಗೆ ಉಕ್ಕಿ ಬಂದಿತ್ತು.

ಇಂಥ ಸಿಟ್ಟನ್ನು ಕೃತಘ್ನತೆ ಎಂದು ಮನೆಯವರು ಬೈಯುವುದುಂಟು. ನಾನು ಹಾಗೆ ನೋಡುವುದಿಲ್ಲ. ಕೆಲಸ ಹೋಗುವ ಭಯ ಇರುವವರೆಗೆ ಮನಸ್ಸು ಅವಮಾನವನ್ನು ಎಣಿಸುವ ಗೋಜಿಗೆ ಹೋಗುವುದಿಲ್ಲ; ಭಯ ಕಳೆದ ಕೂಡಲೇ ಎಣಿಸಲು ಕೂರುತ್ತದೆ.

ಅವರಿಗೆ ಒಂದು ಹಳೆಯ ಸಂಗತಿ ಹೇಳಿದೆ. ಅಮೆರಿಕದ ಮೈಕ್ರೋಸಾಫ್ಟ್‌ನಲ್ಲಿ ಕಾಯಂ ನೌಕರರಿಗೆ ನೀಲಿ ಬ್ಯಾಡ್ಜ್, ಗುತ್ತಿಗೆಯವರಿಗೆ ಕಿತ್ತಳೆ ಬಣ್ಣದ್ದು. ವರ್ಷಗಟ್ಟಲೆ ಕಾಯಂ ನೌಕರರಂತೆಯೇ ದುಡಿದ ಗುತ್ತಿಗೆಯವರು ಸೌಲಭ್ಯಗಳಿಗಾಗಿ ದಾವೆ ಹೂಡಿದರು. 2000ನೇ ಇಸವಿಯಲ್ಲಿ ಕಂಪನಿ 9.7 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅಂಥ ದಾವೆಗಳ ಅನಂತರ ಕಂಪನಿಗಳ ಕಾನೂನು ವಿಭಾಗಗಳು ಎಚ್ಚೆತ್ತವು: ಗುತ್ತಿಗೆಯವರನ್ನು ನಮ್ಮವರಂತೆ ನಡೆಸಿಕೊಂಡರೆ ನಾಳೆ ನ್ಯಾಯಾಲಯವೂ ‘ಇವರು ನಿಮ್ಮವರೇ’ ಎಂದೀತು ಎಂಬ ಅಂಜಿಕೆ. ಬೇರೆ ಬಣ್ಣದ ಪಟ್ಟಿ, ಪ್ರವಾಸಕ್ಕೆ ಕರೆಯದಿರುವುದು, ಎಷ್ಟೋ ಕಡೆ ಈ ಅಂಜಿಕೆಯ ಫಲ. ಪಕ್ಕದ ಮೇಜಿನ ಗೆಳೆಯ ಮಾಡಿದ ಅವಮಾನ ಅಲ್ಲ. ಇದರಿಂದ ನೋವು ಮಾಯವಾಗಲಿಲ್ಲ, ಆದರೆ ಸಿಟ್ಟು ಯಾರ ಮೇಲೆ ಎಂಬುದು ಸ್ಪಷ್ಟವಾಯಿತು.

"ಹಾಗಾದರೆ ಈ ನೌಕರಿ ನನ್ನ ಹಕ್ಕೇ ಆಗಿತ್ತಲ್ಲ?" ಎಂದು ಕೇಳಿದರು. ನಾನು ವಕೀಲನಲ್ಲ. ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಾಯಂ ಆಗಿಬಿಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ ಎಂಬಷ್ಟನ್ನು ತಿಳಿಸಿ, ಹೆಚ್ಚಿನದಕ್ಕೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಲು ಸೂಚಿಸಿದೆ.

ನನ್ನ ಸಲಹೆ ಇಷ್ಟು: ನೋವಿಗೆ ಒಂದು ಖಾತೆ, ಆಫರಿಗೆ ಇನ್ನೊಂದು, ಒಂದರ ಬಾಕಿಯನ್ನು ಇನ್ನೊಂದರಲ್ಲಿ ತೀರಿಸಲು ಹೋಗಬೇಡಿ.

ಆಫರಿನ ಖಾತೆಯನ್ನು ಹೆಂಡತಿಯ ಜೊತೆ ಕುಳಿತು ಬರೆಯಲು ಹೇಳಿದೆ. ಈವರೆಗೆ ಅವರ ಬಿಲ್ ತಿಂಗಳಿಗೆ 95,000 ರೂಪಾಯಿ. ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತವಾದರೂ ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತಿತ್ತು. ಹೊಸ ಸಿಟಿಸಿ, ಅಂದರೆ ಕಂಪನಿ ಅವರಿಗಾಗಿ ಮಾಡುವ ಒಟ್ಟು ವೆಚ್ಚ, ವರ್ಷಕ್ಕೆ 12 ಲಕ್ಷ. ಹನ್ನೆರಡರಿಂದ ಭಾಗಿಸಿ ಒಂದು ಲಕ್ಷ ಎಂದುಕೊಂಡವರಿಗೆ ಕೈಗೆ ಬರುವುದು ಸುಮಾರು 85,000 ಎಂದು ತಿಳಿದಾಗ ಮೋಸ ಹೋದಂತೆ ಅನ್ನಿಸಿತ್ತು. ಆದರೆ ಮೂಲವೇತನ 50,000, ಅದರ ಶೇ. 12, ಅಂದರೆ 6,000 ಅವರದು, ಅಷ್ಟೇ ಕಂಪನಿಯದು, ಪ್ರತಿ ತಿಂಗಳು ಭವಿಷ್ಯನಿಧಿಗೆ. ಇದರ ಮೇಲೆ ಸಂಬಳಸಹಿತ ರಜೆ, ಆರೋಗ್ಯ ವಿಮೆ. ಸಿಟಿಸಿಯಲ್ಲಿ ಸೇರಿಸಿದ್ದ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಮಾತ್ರ, ಮೂಲವೇತನದ ಶೇ. 4.81, ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲಷ್ಟೇ ಸಿಗುವಂಥದ್ದು. ಅದನ್ನು ಸಂಬಳ ಎಂದು ಎಣಿಸಬೇಡಿ ಎಂದೆ.

ಏಜೆನ್ಸಿಯ ಒಪ್ಪಂದವನ್ನೂ ತೆಗೆದು ನೋಡಿಸಿದೆ. ಗ್ರಾಹಕ ಕಂಪನಿ ನೇರವಾಗಿ ನೇಮಿಸಿಕೊಳ್ಳಬಾರದು ಎಂಬ ಷರತ್ತು ಅದರಲ್ಲಿತ್ತು. ಏಜೆನ್ಸಿಯಿಂದ ಲಿಖಿತ ಒಪ್ಪಿಗೆ ಬಂದು, ಬಾಕಿ ಬಿಲ್ಲಿನ ಹಣ ಕೈಸೇರುವವರೆಗೆ ರಾಜೀನಾಮೆ ಪತ್ರ ಬರೆಯಬಾರದು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ನೋವಿನ ಖಾತೆಗೆ ಬೇರೆ ದಾರಿ. ಮ್ಯಾನೇಜರ್ ಬಳಿ ಸಿಟ್ಟು ಕಾರುವ ಬದಲು ಒಂದು ಬೇಡಿಕೆಯಾಗಿ ಇಡಲು ಅಭ್ಯಾಸ ಮಾಡಿಸಿದೆ: "ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಪ್ರೊಬೇಷನ್ ಬೇಡ, ಹುದ್ದೆಯ ದರ್ಜೆಗೆ ಆ ಅನುಭವವನ್ನು ಪರಿಗಣಿಸಿ." ಮೊದಲ ಸಲ ಹೇಳುವಾಗ ಅವರ ಧ್ವನಿ ನಡುಗಿತು. ಅಪ್ಪನ ಬಳಿಯೂ ಒಂದು ಮಾತು ಆಡಬೇಕಿತ್ತು: ತೀರ್ಮಾನ ಆಗುವವರೆಗೆ ಇನ್ನು ಯಾರಿಗೂ ಹೇಳಬೇಡಿ ಎಂದು. ಅದು ಮ್ಯಾನೇಜರ್ ಎದುರು ಮಾತಾಡಿದ್ದಕ್ಕಿಂತ ಕಷ್ಟವಾಯಿತಂತೆ.

ಕಂಪನಿ ಪ್ರೊಬೇಷನ್ ಕೈಬಿಟ್ಟಿತು, ದರ್ಜೆ ಏರಿಸಲಿಲ್ಲ. ಪ್ರಕಾಶ್ ಸಹಿ ಹಾಕಿದರು. ನಿದ್ದೆ ಬಹುಮಟ್ಟಿಗೆ ಸರಿಯಾಗಿದೆ. ದರ್ಜೆಯ ಮಾತನ್ನು ಮುಂದಿನ ವಾರ್ಷಿಕ ಮೌಲ್ಯಮಾಪನದಲ್ಲಿ ಮತ್ತೆ ಎತ್ತುವುದು, ಆಗಲೂ ಆಗದಿದ್ದರೆ ಬೇರೆ ಕಡೆ ನೋಡುವುದು ಎಂದು ಗಂಡ ಹೆಂಡತಿ ಒಪ್ಪಿಕೊಂಡಿದ್ದಾರೆ. ಅಪ್ಪನಿಗೆ ಈ ಎರಡನೆಯ ಭಾಗವನ್ನು ಇನ್ನೂ ಹೇಳಿಲ್ಲ.