ಅಪಘಾತದಿಂದ ಚೇತರಿಸಿಕೊಳ್ಳುತ್ತಿರುವ ನೆರೆಯವರಿಗೆ ಓಣಿಯವರು ನಿಜವಾಗಿ ಏನು ಮಾಡಬಹುದು?

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ನೀವು ಕೇಳಿರುವುದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಭತ್ತ ಹೇರಿದ್ದ ಟ್ರ್ಯಾಕ್ಟರ್ ಬಡಿದು ಬೆನ್ನುಹುರಿಗೆ ಪೆಟ್ಟಾದ ನಿಮ್ಮ ಓಣಿಯ ಯುವಕರೊಬ್ಬರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಮಕ್ಕಳು, ವಯಸ್ಸಾದ ತಾಯಿ ಇದ್ದಾರೆ. ಓಣಿಯವರೆಲ್ಲ ಪಟ್ಟಿ ಎತ್ತಿ ಒಂದಿಷ್ಟು ಹಣ ಕೊಟ್ಟಿದ್ದೀರಿ. ಟ್ರ್ಯಾಕ್ಟರಿನ ಮಾಲೀಕರು ಕೂಡ ನಿಮ್ಮ ಊರಿನವರೇ. ಇನ್ನು ಮುಂದೆ ಏನು ಮಾಡಬೇಕು, ಅವರೊಂದಿಗೆ ಹೇಗೆ ಮಾತನಾಡಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು ಸಿರುಗುಪ್ಪದವನು, ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸುಗ್ಗಿಯ ಕಾಲದಲ್ಲಿ, ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಸ್ತೆಯ ಬದಿಗೆ ನಿಂತಿದ್ದ ಟ್ರೇಲರ್‌ಗೆ ನನ್ನ ಬೈಕು ಬಡಿದು, ತೊಡೆಗೆ ರಾಡ್ ಹಾಕಿಸಿಕೊಂಡೆ, ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡೆ. ಬೆನ್ನುಹುರಿಯ ಪೆಟ್ಟು ನನ್ನದಲ್ಲ. ಆದರೆ ಅಂದಿನಿಂದ ನಮ್ಮ ತಾಲ್ಲೂಕಿನ ಅಂಗವಿಕಲ ಗೆಳೆಯರ ಜೊತೆ ಅಂಥ ಅನೇಕ ಮನೆಗಳಿಗೆ ಹೋಗಿ ಬಂದಿದ್ದೇನೆ. ಹಾಸಿಗೆಯಲ್ಲಿ ಮಲಗಿದವನ ಕಡೆಯಿಂದ ನೋಡಿ ಈ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಕರುಣೆಗೆ ಬರವಿಲ್ಲ, ಆದರೆ ಅದೆಲ್ಲ ಮೊದಲ ತಿಂಗಳಿನಲ್ಲೇ ಖರ್ಚಾಗಿಬಿಡುತ್ತದೆ. ಮೊದಲ ವಾರಗಳಲ್ಲಿ ಬಾಳೆಹಣ್ಣು, ಬಿಸ್ಕತ್ತು, ಬ್ರೆಡ್ಡು ಹಿಡಿದುಕೊಂಡು ಮಾತಾಡಿಸಲು ಬರುವವರಿಗೆ ಕೂರಲು ಜಾಗವಿರುವುದಿಲ್ಲ. ಆಮೇಲೆ ಬಾಗಿಲು ತಟ್ಟುವವರೇ ಇರುವುದಿಲ್ಲ. ಸರ್ಕಾರದ ನೆರವಿನ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ: 2025ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆ ರಸ್ತೆ ಅಪಘಾತಕ್ಕೊಳಗಾದವರಿಗೆ 1.5 ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆ, ಆದರೆ ಅದು ಅಪಘಾತವಾದ ದಿನದಿಂದ 7 ದಿನಗಳಿಗೆ ಮಾತ್ರ. ಬಿಪಿಎಲ್ ಕುಟುಂಬಕ್ಕೆ ಸಿಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷದ ಮಿತಿಯೂ ಆಸ್ಪತ್ರೆಯ ಚಿಕಿತ್ಸೆಗೆ ಸಂಬಂಧಿಸಿದ್ದು. ಮನೆಗೆ ಬಂದ ಮೇಲಿನ ತಿಂಗಳುಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಓಣಿಯವರ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕಾಗಿ ಹೊಸದೇನನ್ನೂ ಕಲಿಯಬೇಕಿಲ್ಲ. ನಾಟಿಗೆ, ಕಳೆ ತೆಗೆಯುವುದಕ್ಕೆ ಮುಯ್ಯಾಳು ಹೋಗುವಾಗ ಯಾರು, ಯಾವ ದಿನ, ಯಾರ ಹೊಲಕ್ಕೆ ಎಂಬುದನ್ನು ಮೊದಲೇ ಮಾತನಾಡಿಕೊಳ್ಳುತ್ತೇವಲ್ಲ, ಈ ಮನೆಯ ಕೆಲಸವನ್ನೂ ಹಾಗೆಯೇ ಹಂಚಿಕೊಳ್ಳಿ. "ಏನಾದರೂ ಬೇಕಾದರೆ ಹೇಳಿ" ಎಂದು ಹೇಳಿ ಹೊರಡುವವರನ್ನು ಯಾರೂ ಎಂದೂ ಏನನ್ನೂ ಕೇಳುವುದಿಲ್ಲ. "ಪ್ರತಿ ಗುರುವಾರ ಫಿಜಿಯೋಥೆರಪಿಗೆ ನನ್ನ ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ" ಎಂದವರಿಗೆ ಗುರುವಾರ ಬೆಳಿಗ್ಗೆ ಆ ಮನೆಯವರು ಸಿದ್ಧರಾಗಿ ಕುಳಿತಿರುತ್ತಾರೆ.

ಯಾವ ಕೆಲಸ ಎಂದು ಕೇಳಿದರೆ, ಎಲ್ಲಕ್ಕಿಂತ ಮೊದಲು ಅವರ ಚರ್ಮವನ್ನು ಕಾಪಾಡುವ ಕೆಲಸ. ಸ್ಪರ್ಶಜ್ಞಾನವಿಲ್ಲದ ಕಡೆ ಒಂದೇ ಮಗ್ಗುಲಿನ ಭಾರ ಬಿದ್ದರೆ ರಕ್ತಸಂಚಾರ ನಿಂತು ಮಾಂಸ ಸಾಯತೊಡಗುತ್ತದೆ, ಆದರೆ ಮಲಗಿದವರಿಗೆ ನೋವೇ ಗೊತ್ತಾಗುವುದಿಲ್ಲ. ಬಾಲಮೂಳೆಯ ಮೇಲೆ, ಸೊಂಟದ ಪಕ್ಕದ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ ಮೊದಲು ಕೆಂಪಾಗಿ ಅಥವಾ ಕಪ್ಪಾಗಿ ಕಾಣುವ ಗುರುತು ಕೆಲವೇ ದಿನಗಳಲ್ಲಿ ಎಲುಬು ಕಾಣುವಷ್ಟು ಆಳದ ಹುಣ್ಣಾಗಬಹುದು, ಆ ಹುಣ್ಣಿನ ಸೋಂಕು ಜೀವಕ್ಕೇ ಅಪಾಯ ತರಬಹುದು. ಇದನ್ನು ತಡೆಯಲು ಹಗಲಿರುಳೆನ್ನದೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಕೂರಲು ಕಲಿತ ಮೇಲೆ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಕೈಯೂರಿ ಮೈಯನ್ನು ಎತ್ತಬೇಕು. ದಿನಕ್ಕೆ 12 ಸಲ ಒಬ್ಬ ಗಂಡಸಿನ ಮೈಯನ್ನು ಹೊರಳಿಸುವುದು, ಅದರ ನಡುವೆ ಅಡುಗೆ, ಮಕ್ಕಳು, ಅತ್ತೆಯವರ ಆರೈಕೆ ನೋಡುವುದು ಒಬ್ಬ ಹೆಣ್ಣುಮಗಳ ರಟ್ಟೆಯಿಂದ ಆಗುವ ಕೆಲಸವಲ್ಲ. ಓಣಿಯ ನಾಲ್ಕು ಜನ ಗಂಡಸರು ಫಿಜಿಯೋಥೆರಪಿಸ್ಟರಿಂದ ಒಮ್ಮೆ ಸರಿಯಾಗಿ ಕಲಿತುಕೊಂಡು, ಬೆನ್ನು ತಿರುಚದಂತೆ ಇಡೀ ದೇಹವನ್ನು ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸುವ ಸರದಿಯನ್ನು, ಅದರಲ್ಲೂ ರಾತ್ರಿ ಮಲಗುವ ಮುಂಚಿನ ಮತ್ತು ನಸುಕಿನ ಸರದಿಯನ್ನು ವಹಿಸಿಕೊಂಡರೆ ಅದು ನೀವು ಎತ್ತಿದ ಪಟ್ಟಿಯ ಹಣಕ್ಕಿಂತ ದೊಡ್ಡದು.

ಗಾಳಿ ಹಾಸಿಗೆ ಕೊಂಡುಕೊಟ್ಟಿದ್ದರೆ ಒಳ್ಳೆಯದೇ, ಆದರೆ ಅದಿದೆಯೆಂದು ಹೊರಳಿಸುವುದನ್ನು ಬಿಡುವಂತಿಲ್ಲ. ಅದರ ಪಂಪು ಕರೆಂಟಿನಿಂದ ನಡೆಯುತ್ತದೆ ಎಂಬುದೂ ನೆನಪಿರಲಿ. ಕರೆಂಟು ಹೋಗಿ ಗಾಳಿ ಇಳಿದ ಹಾಸಿಗೆ ಬರಿಯ ರಬ್ಬರ್ ಹಾಳೆ. ಪಕ್ಕದ ಮನೆಯಲ್ಲಿ ಇನ್ವರ್ಟರ್ ಇದ್ದರೆ ಎಲೆಕ್ಟ್ರಿಷಿಯನ್ನರಿಂದ ಸುರಕ್ಷಿತವಾಗಿ ಒಂದು ಲೈನ್ ಎಳೆಸಿ, ಆ ಪಂಪನ್ನೂ ಒಂದು ಫ್ಯಾನನ್ನೂ ನಡೆಸಿಕೊಡಿ. ಫ್ಯಾನು ಇಲ್ಲಿ ಸುಖದ ಮಾತಲ್ಲ: ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ಪೆಟ್ಟಿನ ಕೆಳಗಿನ ಮೈ ಬೆವರುವುದನ್ನೇ ಬಿಟ್ಟಿರುತ್ತದೆ, ಮೈಯ ಕಾವು ಇಳಿಯಲು ದಾರಿಯಿರುವುದಿಲ್ಲ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ ಅಂಥವರ ಸ್ಥಿತಿ ಏನಾಗಬಹುದೆಂದು ನೀವೇ ಊಹಿಸಿ. ಪೆಟ್ಟು ಯಾವ ಮಟ್ಟದಲ್ಲಿದೆ ಎಂಬುದನ್ನು ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆದಿರುತ್ತಾರೆ, ಒಮ್ಮೆ ಓದಿಸಿ ತಿಳಿದುಕೊಳ್ಳಿ.

ಪ್ರೀತಿಯಿಂದಲೇ ಆಗುವ ಕೆಡುಕುಗಳ ಬಗ್ಗೆಯೂ ಹೇಳಲೇಬೇಕು. ಕಾಲಿಗೆ ಜೀವ ಬರಲೆಂದು ಬಿಸಿ ಮರಳಿನ ಗಂಟಿನಿಂದಲೋ ಕಾಯಿಸಿದ ಇಟ್ಟಿಗೆಯಿಂದಲೋ ಕಾವು ಕೊಡುವ ಹಿರಿಯರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಸ್ಪರ್ಶವಿಲ್ಲದ ಕಾಲು ಸುಟ್ಟರೂ "ಸಾಕು" ಎನ್ನುವುದಿಲ್ಲ. ಹೀಗೆ ಬೊಬ್ಬೆಯೆದ್ದು ಮತ್ತೆ ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ. ಮಲಗಿದಲ್ಲೇ ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಒಂದು ಕಾಲು ಮಾತ್ರ ಊದಿಕೊಂಡು ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬಾರದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ನನ್ನ ತೊಡೆಯೊಳಗೆ ರಾಡ್ ಇರುವಾಗಲೇ, ಮುರಿದ ಮೂಳೆಗೆ ನಾಟಿ ವೈದ್ಯರು ಕಟ್ಟುವ ಪುತ್ತೂರು ಕಟ್ಟು ಕಟ್ಟಿಸಲು ಗಾಡಿ ಮಾಡಿಕೊಂಡು ಬಂದ ಸೋದರಮಾವನನ್ನು ನಯವಾಗಿ ವಾಪಸು ಕಳಿಸಲು ನಮ್ಮ ತಾಯಿ ಪಟ್ಟ ಕಷ್ಟ ನನಗಿನ್ನೂ ನೆನಪಿದೆ. ಅಂಥವರನ್ನು ತಡೆಯುವ ನಿಷ್ಠುರವನ್ನು ಮನೆಯವರ ಮೇಲೆ ಹಾಕದೆ ಓಣಿಯ ಒಬ್ಬ ಹಿರಿಯರು ವಹಿಸಿಕೊಂಡರೆ ದೊಡ್ಡ ಉಪಕಾರ.

ಮಾತಿನ ವಿಷಯಕ್ಕೆ ಹೆಚ್ಚು ಬರೆಯಬೇಕಿಲ್ಲ. "ಎಂಥಾ ಗತಿ ಬಂತೋ ತಮ್ಮಾ ನಿನಗ" ಎಂದು ಅಳುವುದೂ ಬೇಡ, "ಆರು ತಿಂಗಳಾಗ ಎದ್ದು ಓಡಾಡ್ತಿ" ಎಂದು ಭವಿಷ್ಯ ಹೇಳುವುದೂ ಬೇಡ. ಮೊದಲನೆಯದನ್ನು ಕೇಳಿದವರು ಸಂತೈಸಬೇಕಾದದ್ದು ಬಂದವರನ್ನೇ. ಎರಡನೆಯದನ್ನು ಕೇಳಿದವರು ಏಳನೆಯ ತಿಂಗಳಿನಲ್ಲಿ ತಮ್ಮನ್ನೇ ತಪ್ಪಿತಸ್ಥರೆಂದುಕೊಳ್ಳುತ್ತಾರೆ. ಮಳೆ, ಕಾಲುವೆಯ ನೀರು, ಭತ್ತದ ರೇಟು, ಪಂಚಾಯಿತಿಯ ಜಗಳ, ಅಪಘಾತಕ್ಕೆ ಮುಂಚೆ ಏನು ಮಾತನಾಡುತ್ತಿದ್ದಿರೋ ಅದನ್ನೇ ಮಾತನಾಡಿ. ಹೋಗುವ ಮುಂಚೆ ಫೋನ್ ಮಾಡಿ, ಏಕೆಂದರೆ ಮೂತ್ರದ ನಳಿಕೆ, ಮಲವಿಸರ್ಜನೆಯ ಕೆಲಸಗಳು ಆ ಮನೆಯಲ್ಲಿ ನಿಗದಿತ ಹೊತ್ತಿಗೆ ನಡೆಯುತ್ತಿರುತ್ತವೆ, ಆ ಹೊತ್ತಿನಲ್ಲಿ ಹೊಸ್ತಿಲಲ್ಲಿ ಬಂದು ನಿಂತವರಿಂದಾಗುವ ಸಂಕೋಚ ಬಹಳ ದಿನ ಕಾಡುತ್ತದೆ. ಮಲಗಿದವರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದನ್ನಂತೂ, ಅದು ಹಣ ಸಂಗ್ರಹಕ್ಕೇ ಆಗಿದ್ದರೂ, ಅವರ ಒಪ್ಪಿಗೆಯಿಲ್ಲದೆ ಮಾಡಲೇಬಾರದು.

ಅವರ ಹೆಂಡತಿಯ ಕಡೆ ನಿಮ್ಮ ಪ್ರಶ್ನೆ ಅಷ್ಟಾಗಿ ಹೊರಳಿಲ್ಲ. ಬರುವವರೆಲ್ಲ ಮಂಚದ ಕಡೆ ಮುಖ ಮಾಡಿ ಕೂರುತ್ತಾರೆ, ಚಹಾ ಮಾಡುವವರು ಮಾತ್ರ ಆಕೆಯೇ. ನಮ್ಮ ಓಣಿಯ ಅಕ್ಕಂದಿರು ಸರದಿಯ ಮೇಲೆ ರೊಟ್ಟಿ, ಪಲ್ಯ ಮಾಡಿ ಕಳಿಸುತ್ತಿದ್ದರು, ಅದು ಸರಿಯೇ. ಆದರೆ ಒಬ್ಬ ಅಕ್ಕ ಮಾತ್ರ ವಾರಕ್ಕೊಂದು ಮಧ್ಯಾಹ್ನ ಬಂದು ನನ್ನ ಬಳಿ ತಾನು ಕುಳಿತು, ನನ್ನ ಪತ್ನಿಯನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದಳು. ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ನನ್ನ ಪತ್ನಿ ಕೆಲವು ದಿನ ಸಂತೆಗೆ ಹೋದಳು, ಕೆಲವು ದಿನ ತಂಗಿಯ ಮನೆಯಲ್ಲಿ ಸುಮ್ಮನೆ ನಿದ್ದೆ ಮಾಡಿ ಬಂದಳು. ತವರಿನ ಮದುವೆಗೆ, ಜಾತ್ರೆಗೆ ಆಕೆಯನ್ನು ಕಳಿಸಿಕೊಟ್ಟು ಎರಡು ದಿನ ಮನೆ ನಡೆಸಿಕೊಡುವ ಜನ ನಿಮ್ಮಲ್ಲಿ ಇದ್ದಾರೆಯೇ ಎಂದು ವಿಚಾರಿಸಿ ನೋಡಿ. ಉಳಿದಿರುವ ಪಟ್ಟಿಯ ಹಣವನ್ನೂ ಆಕೆಯ ಹೆಸರಿನ ಖಾತೆಗೇ ಹಾಕಿ. ಅದನ್ನು ಹೇಗೆ ಖರ್ಚು ಮಾಡಿದಿರಿ ಎಂದು ಕೇಳುವ ಹಕ್ಕು ಕೊಟ್ಟವರಿಗಿಲ್ಲ.

ನನ್ನ ಮಟ್ಟಿಗೆ ಚೇತರಿಕೆ ಶುರುವಾದದ್ದು ಗಿರಣಿಯ ಸಾಹುಕಾರರು ಲೆಕ್ಕದ ಪುಸ್ತಕಗಳನ್ನು ಮನೆಗೆ ಕಳಿಸಿದ ದಿನದಿಂದ. ಸಂಬಳವನ್ನು ಅವರು ಸುಮ್ಮನೆಯೂ ಕೊಡಬಹುದಿತ್ತು, ಆದರೆ ಲೆಕ್ಕ ತಾಳೆಯಾಗದಿದ್ದಾಗ ಮೊದಲಿನಂತೆಯೇ ಬೈದರು, ಅದು ನನಗೆ ಹಿತವಾಗಿತ್ತು. ವೆಲ್ಡಿಂಗ್ ಅಂಗಡಿಯ ಸಾಬರು ಬಚ್ಚಲಿನ ಗೋಡೆಗೆ ಹಿಡಿಕೆಯ ಕೊಳವೆ, ಹೊಸ್ತಿಲಿಗೆ ಕಬ್ಬಿಣದ ಇಳಿಜಾರು ಮಾಡಿಕೊಟ್ಟು ಹಣ ಬೇಡವೆಂದಾಗ, ಅವರ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನು ನಾನು ಬರೆಯುತ್ತೇನೆಂದು ಹಟ ಹಿಡಿದೆ, ಇಂದಿಗೂ ಬರೆಯುತ್ತಿದ್ದೇನೆ. ನಿಮ್ಮ ಯುವಕರು ಏನು ಬಲ್ಲರೋ ನನಗೆ ತಿಳಿಯದು. ಮಕ್ಕಳಿಗೆ ಪಾಠ ಹೇಳುವುದು, ಮೊಬೈಲ್ ರಿಪೇರಿ, ಸಂಘದ ಲೆಕ್ಕ, ಹೊಲಿಗೆ, ಏನಾದರೂ ಇರಲಿ. ಅವರಿಂದ ಏನನ್ನಾದರೂ ಪಡೆದುಕೊಳ್ಳುವ ಧೈರ್ಯವನ್ನು ಓಣಿಯವರು ಮಾಡಬೇಕು. ಅವರ ಹೊಲದ ಬಿತ್ತನೆ, ಮಕ್ಕಳ ಶಾಲೆಯ ವಿಷಯಗಳನ್ನೂ ಅವರ ತಲೆಯ ಮೇಲಿಂದ ನೀವೇ ತೀರ್ಮಾನಿಸಬೇಡಿ, ಅವರನ್ನೇ ಕೇಳಿ.

ಕಾಗದಪತ್ರಗಳಿಗೆ ಓಡಾಡಲು ಓದು ಬಲ್ಲ ಒಬ್ಬರನ್ನು ನೇಮಿಸಿಕೊಳ್ಳಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ಅವರನ್ನು ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ; ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಗಾಲಿಕುರ್ಚಿ, ಮಾಸಾಶನದ ಅರ್ಜಿಗಳು ಅವರ ಮೂಲಕ ಬೇಗ ಸಾಗುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಬಹುತೇಕ ಸೌಲಭ್ಯಗಳಿಗೆ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ಕೊನೆಗೆ, ಟ್ರ್ಯಾಕ್ಟರಿನ ಮಾಲೀಕರು ಊರಿನವರೇ ಎಂದಿರಿ. ಇಂಥ ಕಡೆ ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು, ಒಂದಿಷ್ಟು ಹಣ ಕೊಡಿಸಿ, ಕೇಸು ಬೇಡವೆಂದು ರಾಜಿ ಮಾಡಿಸುವುದು ವಾಡಿಕೆ, ಅದನ್ನು ಕರುಣೆಯೆಂದೇ ಅವರು ತಿಳಿದಿರುತ್ತಾರೆ. ಜೀವಮಾನವಿಡೀ ಬೇಕಾಗುವ ಆರೈಕೆಯ ಖರ್ಚನ್ನು ಕಟ್ಟೆಯ ಮೇಲೆ ಕೊಡಿಸುವ ಹಣ ತುಂಬಿಕೊಡುವುದಿಲ್ಲ. ವಾಹನಕ್ಕೆ ವಿಮೆಯಿದ್ದರೆ ಸಾಮಾನ್ಯವಾಗಿ ಪರಿಹಾರ ಬರುವುದು ವಿಮಾ ಕಂಪನಿಯಿಂದ, ಮಾಲೀಕರ ಹೊಲ ಮಾರಿ ಅಲ್ಲ, ಎಂಬುದನ್ನು ಎರಡೂ ಕಡೆಯವರಿಗೆ ತಿಳಿಸಿ ಹೇಳುವ ಕೆಲಸ ನಿಮ್ಮದು. ಖಾಲಿ ಹಾಳೆಗೆ ಸಹಿ ಮಾಡಿಸಿಕೊಳ್ಳಲು ಬರುವ ದಲ್ಲಾಳಿಗಳನ್ನು ಮನೆಯೊಳಗೆ ಬಿಡಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಔಷಧಿಯ ಮೂಲ ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪರಿಹಾರದ ಅರ್ಜಿಯನ್ನು ಅಪಘಾತವಾದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಆ ಗಡುವನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರಾದರೂ ಅದನ್ನು ನಂಬಿ ಕೂರಬೇಡಿ. ಅಪಘಾತದ ದಿನಾಂಕವನ್ನು ನೀವು ಬರೆದಿಲ್ಲ. ಈಗಾಗಲೇ ನಾಲ್ಕೈದು ತಿಂಗಳು ಕಳೆದಿದ್ದರೆ ನಾಳೆ ಬೆಳಿಗ್ಗೆಯೇ ಆ ಫೈಲು ಹಿಡಿದು ಸಿಂಧನೂರಿನ ನ್ಯಾಯಾಲಯದ ಆವರಣಕ್ಕೆ ಹೋಗಿ ಕಾನೂನು ಸೇವಾ ಸಮಿತಿಯವರನ್ನು ಕಾಣಿರಿ.